ವಾರ್ತಾ ಸೌಧದವರಿಗೆ, ವರದಿಗಾರರಿಗೆ, ಆ ಬಸ್ ಕಂಡಕ್ಟರ್‌ಗಳಿಗೆ

ಕಳೆದ ತಿಂಗಳ ಕೊನೆಗೆ ನಿವೃತ್ತನಾದೆ. ವಾರ್ತಾ ಇಲಾಖೆಗೆ ಸೇರಿ, ಜಿಲ್ಲೆಗಳಲ್ಲಿ ವಾರ್ತಾಧಿಕಾರಿಯಾಗಿ ಸುತ್ತಿ, ಕೊನೆಗೆ ಸಚಿವರ ಪತ್ರಿಕಾ ಕಾರ್ಯದರ್ಶಿಯಾಗಿ ಕೆಲಸ ಮುಗಿಸಿದೆ. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಇದು.

ಮೊದಲ ಥ್ಯಾಂಕ್ಸ್ ಬಸ್ ಕಂಡಕ್ಟರ್‌ಗಳಿಗೆ. ನಗಬೇಡಿ. ಇಮೇಲ್ ಇಲ್ಲದ ಕಾಲ ಅದು. ಜಿಲ್ಲೆಯಲ್ಲಿ ಕಾರ್ಯಕ್ರಮ ಮುಗಿದ ಕೂಡಲೇ ಫೋಟೊಗ್ರಾಫರ್ ಸ್ಟುಡಿಯೋಗೆ ಓಡುತ್ತಿದ್ದರು. ಇನ್ನೂ ಹಸಿ ಆರದ ಪ್ರಿಂಟಿನ ಹಿಂದೆ ಎಡದಿಂದ ಯಾರು ಯಾರು ಅಂತ ಪೆನ್ಸಿಲ್ಲಿನಲ್ಲಿ ಬರೆದು, ಪ್ರೆಸ್ ನೋಟ್ ಜೊತೆ ಕವರಿಗೆ ಹಾಕಿ, ಬೆಂಗಳೂರು ಬಸ್ಸಿಗೆ ಕೊಡುತ್ತಿದ್ದೆವು. ಕಂಡಕ್ಟರ್ ಅದನ್ನು ಸೀಟಿನ ಪಕ್ಕ ಇಟ್ಟುಕೊಂಡು ಮೆಜೆಸ್ಟಿಕ್‌ನಲ್ಲಿ ಪತ್ರಿಕೆಯ ಹುಡುಗನ ಕೈಗೆ ತಲುಪಿಸುತ್ತಿದ್ದರು. ಅವರಲ್ಲಿ ಎಷ್ಟೋ ಜನರ ಹೆಸರೂ ನನಗೆ ಗೊತ್ತಿಲ್ಲ.

ಬೆಳಗಿನ ಜಾವ ಪೇಪರ್ ಕಟ್ಟು ಬಿಚ್ಚಿ, ಕತ್ತರಿ ಗೋಂದು ಹಿಡಿದು ಕ್ಲಿಪ್ಪಿಂಗ್ ಫೈಲ್ ಮಾಡುತ್ತಿದ್ದ ಹುಡುಗರಿಗೂ ಋಣಿ. ಸರ್ಕಾರವನ್ನು ಟೀಕಿಸಿದ ಸುದ್ದಿಯನ್ನು ಅಡಿಗೆ ತಳ್ಳಬೇಡಿ, ಮೇಲೇ ಇಡಿ ಅಂದಿದ್ದೆ. ಹಾಗೇ ಇಟ್ಟರು. ಬೆಳಬೆಳಿಗ್ಗೆ ಬೈಸಿಕೊಂಡವರೂ ಅವರೇ ಅನ್ನಿ.

ವರದಿಗಾರರಿಗೆ ಏನು ಹೇಳಲಿ? ಹೊಗಳಿ ಬರೆದವರಿಗಿಂತ, ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ "ಸಾರ್, ಇದು ಲಕ್ಷನೋ ಕೋಟಿನೋ, ಸರಿಯಾಗಿ ಹೇಳಿ" ಅಂದ ಡೆಸ್ಕಿನವರೇ ನನಗೆ ಜಾಸ್ತಿ ಉಪಕಾರ ಮಾಡಿದ್ದಾರೆ. ಮರುದಿನ ಸ್ಪಷ್ಟನೆ ಬರೆಯುವ ಕೆಲಸ ತಪ್ಪುತ್ತಿತ್ತು. 2020ರ ಮಾರ್ಚ್ ಅಂತೂ ಮರೆಯುವ ಹಾಗಿಲ್ಲ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಯಿತು. ಆರೋಗ್ಯ ಇಲಾಖೆಯ ಬುಲೆಟಿನ್‌ನಲ್ಲಿ ಹೆಸರು ಇರುತ್ತಿರಲಿಲ್ಲ. 'ಪಿ' ಅಂತ ಶುರುವಾಗುವ ನಂಬರ್, ವಯಸ್ಸು, ಜಿಲ್ಲೆ, ಅಷ್ಟೇ. ಯಾವ ಬೀದಿ, ಯಾರ ಮನೆ ಅಂತ ಕೇಳಿದವರು ಬಹಳ. ಹೇಳಲ್ಲ ಅಂದಾಗ ಸುಮ್ಮನಾಗಿ, ಬೇರೆ ಕಡೆಯಿಂದ ಹೆಸರು ಸಿಕ್ಕಿದರೂ ಹಾಕದೇ ಇದ್ದವರು ಕೆಲವರಿದ್ದರು. ಅವರಿಗೆ ವಿಶೇಷ ನಮಸ್ಕಾರ.

ಇನ್ನು ಒಳಗಿನ ಕಥೆ ಬರೀರಿ ಅಂತ ಸುಮಾರು ಜನ ಹೇಳುತ್ತಿದ್ದಾರೆ. ಎಚ್.ವೈ. ಶಾರದಾ ಪ್ರಸಾದ್ ಅವರನ್ನು ನೆನಪಿಸಿಕೊಳ್ಳಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದುವಾಗ 1942ರ ಚಳವಳಿಗೆ ಜೈಲು ಸೇರಿದವರು. ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿ ವರ್ಷಗಟ್ಟಲೆ ಹತ್ತಿರದಿಂದ ಎಲ್ಲ ನೋಡಿದವರು. ಅಂಥವರೇ ಆ ಕಥೆ ಬರೆಯದೆ, ಯಾಕೆ ಬರೆಯಲ್ಲ ಅಂತ ಒಂದು ಪ್ರಬಂಧ ಬರೆದು ಸುಮ್ಮನಾದರು. ನನ್ನ ಹತ್ತಿರ ಇರುವುದು ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ನಂಬಿ ಹೇಳಿದ ಮಾತು ನಂಬಿದವರದ್ದೇ ಅಲ್ವಾ?

ಮನೆಯವರಿಗೆ ಸಾಲ ಜಾಸ್ತಿ. ದಸರಾ ಅಂದರೆ ನನಗೆ ಮೈಸೂರಿನ ಮಾಧ್ಯಮ ಕೇಂದ್ರ. ಮನೆಯಲ್ಲಿ ಗೊಂಬೆ ಕೂರಿಸಿದ್ದನ್ನು ಫೋಟೊದಲ್ಲೇ ನೋಡಿದ್ದು. ಡಿಸೆಂಬರ್ ಅಂದರೆ ಬೆಳಗಾವಿ ಅಧಿವೇಶನ. ಸುವರ್ಣ ವಿಧಾನಸೌಧದಿಂದ ತರುತ್ತಿದ್ದ ಕುಂದಾ ಡಬ್ಬಿಯಲ್ಲೇ ನನ್ನಾಕೆ ಎಲ್ಲವನ್ನೂ ಮನ್ನಾ ಮಾಡಿದ್ದಾಳೆ ಅಂದುಕೊಂಡಿದ್ದೇನೆ. ಕೇಳುವ ಧೈರ್ಯ ಮಾಡಿಲ್ಲ.

ಸಚಿವರ ಪ್ರವಾಸ ಪಟ್ಟಿ ಕೇಳಿ ಈಗಲೂ ಫೋನ್ ಬರುತ್ತಿದೆ. ದಯವಿಟ್ಟು ನನ್ನ ನಂಬರ್ ತೆಗೆದು ಹೊಸಬರದ್ದು ಸೇರಿಸಿಕೊಳ್ಳಿ. ಅವರಿಗೂ ರಾತ್ರಿ ಹತ್ತಕ್ಕೆ ಫೋನ್ ಮಾಡಿ, ಲಕ್ಷನೋ ಕೋಟಿನೋ ಕೇಳಿ. ಕಾಫಿಗೆ ಕರೆಯುವವರು ಮಾತ್ರ ನನ್ನ ಹಳೇ ನಂಬರಿಗೇ ಮಾಡಿ, ಬೆಳಿಗ್ಗೆ ಎಂಟರ ಮೇಲೆ.