ಗೋದಾಮು ಬಾಡಿಗೆಗಿದೆ, ಸರಿ, ಎತ್ತರ ಎಷ್ಟು?

ಮಾನ್ಯ ಸಂಪಾದಕರೇ,

‘ಗೋದಾಮು ಬಾಡಿಗೆಗಿದೆ, 6,000 ಚದರ ಅಡಿ, ಮುಖ್ಯರಸ್ತೆಗೆ ಹತ್ತಿರ’ ಎನ್ನುವಂಥ ವರ್ಗೀಕೃತ ಜಾಹೀರಾತುಗಳಲ್ಲಿ ವಿಸ್ತೀರ್ಣವೂ ಫೋನ್ ನಂಬರೂ ತಪ್ಪದೆ ಇರುತ್ತವೆ. ಒಳಗಿನ ಎತ್ತರ, ನೆಲ ಎಷ್ಟು ಭಾರ ತಡೆಯುತ್ತದೆ, ಬಾಗಿಲಿನ ಅಳತೆ, ಲಾರಿ ತಿರುಗಿಸಲು ಎಷ್ಟು ಜಾಗ ಎಂಬ ನಾಲ್ಕು ಸಂಗತಿ ಮಾತ್ರ ಇರುವುದಿಲ್ಲ. ಸರಕು ಇಡುವವರಿಗೆ ಮೊದಲು ಬೇಕಾದದ್ದು ಇವೇ. ಜಾಹೀರಾತು ವಿಭಾಗದವರು ಈ ನಾಲ್ಕನ್ನೂ ಕೇಳಿ ಹಾಕಿಸಿದರೆ ಎಷ್ಟೋ ಜನರ ವ್ಯರ್ಥ ಓಡಾಟ ತಪ್ಪೀತು.

ಲೆಕ್ಕ ನೋಡಿ. 500 ಪ್ಯಾಲೆಟ್ (ಸರಕು ಪೇರಿಸಿ ಯಂತ್ರದಿಂದ ಎತ್ತುವ ಮಣೆ) ಸರಕು ಇಡಬೇಕು ಎನ್ನೋಣ. ಪ್ಯಾಲೆಟ್ 1,200 × 1,000 ಮಿಲಿಮೀಟರಿನದು, ಲೋಡು ಸೇರಿ 5 ಅಡಿ ಎತ್ತರ. ಗೋದಾಮು ಶೇ 85ರಷ್ಟು ತುಂಬಿದ ಮೇಲೆ ಒಳಗಿನ ಕೆಲಸ ಕುಂಟತೊಡಗುತ್ತದೆ, ಒಂದನ್ನು ತೆಗೆಯಲು ಎರಡನ್ನು ಸರಿಸಬೇಕು. ಹಾಗಾಗಿ 500ಕ್ಕೆ 600 ಸ್ಥಾನ ಹಿಡಿಯುವುದು ಕ್ಷೇಮ. ರೀಚ್ ಟ್ರಕ್ (ಕಿರಿದಾದ ಓಣಿಯಲ್ಲಿ ಪ್ಯಾಲೆಟ್ ಎತ್ತಿಡುವ ಯಂತ್ರ) ಓಡಾಡುವ 10 ಅಡಿ ಓಣಿಯನ್ನೂ ಸೇರಿಸಿಕೊಂಡರೆ ನೆಲದ ಮೇಲಿನ ಒಂದು ಪ್ಯಾಲೆಟ್ ಸ್ಥಾನಕ್ಕೆ ಸುಮಾರು 36 ಚದರ ಅಡಿ ಬೇಕು. ಸಾಮಾನ್ಯ ಫೋರ್ಕ್‌ಲಿಫ್ಟ್ ಆದರೆ ಓಣಿಯೇ 12 ಅಡಿ ದಾಟುತ್ತದೆ. ರ‍್ಯಾಕಿನ ಪ್ರತಿ ಅಂತಸ್ತು ಲೋಡು, ಬೀಮು, ಎತ್ತಿಡುವ ಸಂದು ಎಲ್ಲ ಸೇರಿ ಐದೂಮುಕ್ಕಾಲು ಅಡಿ ನುಂಗುತ್ತದೆ. ಬೆಂಕಿ ಬಿದ್ದರೆ ನೀರು ಚಿಮುಕಿಸುವ ಸ್ಪ್ರಿಂಕ್ಲರಿನ ಕೆಳಗೆ ಅದರ ಬಗೆ ನೋಡಿಕೊಂಡು ಒಂದೂವರೆಯಿಂದ 3 ಅಡಿ ಖಾಲಿ ಬಿಡಬೇಕು. 3 ಅಡಿಯನ್ನೇ ಹಿಡಿದರೆ, ತುದಿಯ ಅಂತಸ್ತಿಗೆ ಲೋಡಿನ 5 ಅಡಿಯಷ್ಟೇ ಸಾಕಾದ್ದರಿಂದ, 20 ಅಡಿ ಎತ್ತರದ ಶೆಡ್ಡಿನಲ್ಲಿ ಮೂರು ಅಂತಸ್ತು ಕೂರುತ್ತದೆ, 30 ಅಡಿಯದರಲ್ಲಿ ನಾಲ್ಕು. ಅಂದರೆ ಅದೇ ಸರಕಿಗೆ ತಗ್ಗು ಶೆಡ್ಡಿನಲ್ಲಿ 7,200 ಚದರ ಅಡಿ ಬೇಕು, ಎತ್ತರದ್ದರಲ್ಲಿ 5,400 ಸಾಕು. ಇಳಿಸಿ ಎಣಿಸುವ, ಪ್ಯಾಕ್ ಮಾಡುವ ಜಾಗ ಇದರ ಮೇಲೆ ಬೇರೆ. ಚದರ ಅಡಿಗೆ ಅಗ್ಗವಾಗಿ ಕಂಡ ಗೋದಾಮು ಪ್ಯಾಲೆಟ್ ಲೆಕ್ಕದಲ್ಲಿ ದುಬಾರಿಯಾಗುವುದು ಹೀಗೆ. ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಆಳುಗಳ ಕೈಯಲ್ಲಿ 8 ಅಡಿವರೆಗಷ್ಟೇ ಚೀಲ ಪೇರಿಸುವವರು 40 ಅಡಿ ಶೆಡ್ಡು ಹಿಡಿದರೆ ಮೇಲಿನ 32 ಅಡಿ ಗಾಳಿಗೆ ಬಾಡಿಗೆ ಕಟ್ಟಿದಂತೆ. ಎತ್ತರವನ್ನು ಚಾವಣಿಯ ನೆತ್ತಿಯವರೆಗೆ ಅಳೆದು ಹೇಳುವುದು ಮಾಲೀಕರ ರೂಢಿ. ನಾವು ಅಳೆಯಬೇಕಾದದ್ದು ಎಲ್ಲಕ್ಕಿಂತ ಕೆಳಗೆ ಇಳಿದಿರುವ ತೊಲೆ, ಪೈಪು ಅಥವಾ ದೀಪದವರೆಗೆ.

ನೆಲದ ವಿಚಾರದಲ್ಲಿ ಇನ್ನೂ ಹೆಚ್ಚು ಮೋಸ ಹೋಗುತ್ತೇವೆ. ‘ಚದರ ಮೀಟರಿಗೆ 5 ಟನ್ ತಡೆಯುತ್ತದೆ’ ಎಂಬ ಮಾತು ಸಮನಾಗಿ ಹರಡಿದ ಭಾರಕ್ಕೆ ಹೊಂದುವಂಥದ್ದು. ರ‍್ಯಾಕು ಭಾರವನ್ನು ಹರಡುವುದಿಲ್ಲ, ಕಾಲುಗಳ ಮೇಲೆ ಕುಕ್ಕುತ್ತದೆ. ನಾಲ್ಕು ಅಂತಸ್ತಿನ ರ‍್ಯಾಕಿನಲ್ಲಿ ಕೆಳಗಿನ ಸಾಲು ನೆಲದ ಮೇಲೇ ಕೂತರೂ ಉಳಿದ ಮೂರು ಸಾಲು ಬೀಮಿನ ಮೇಲೆ. ಸಾಲಿಗೆ ಒಂದೊಂದು ಟನ್ನಿನ ಎರಡು ಪ್ಯಾಲೆಟ್ ಎಂದರೆ ಎರಡು ಕಂಬದ ಜೋಡಿಗಳ ನಡುವಿನ ಒಂದು ಖಾನೆಗೆ 6 ಟನ್. ನಡುವಿನ ಕಂಬದ ಜೋಡಿ ಎರಡೂ ಬದಿಯ ಖಾನೆಗಳಿಂದ ಅರ್ಧರ್ಧ ಹೊರುವುದರಿಂದ ಪ್ರತಿ ಕಾಲಿಗೆ 3 ಟನ್. ಅದು ನೆಲ ಮುಟ್ಟುವುದು ಅಂಗೈಯಗಲದ ಕಬ್ಬಿಣದ ತಟ್ಟೆಯ ಮೂಲಕ. ತಟ್ಟೆ 10 ಸೆಂ.ಮೀ. ಚೌಕದ್ದಾದರೆ ಚದರ ಸೆಂಟಿಮೀಟರಿಗೆ 30 ಕೆ.ಜಿ. ತೆಳು ಕಾಂಕ್ರೀಟು ಅಲ್ಲಿ ಬಿರಿಯುತ್ತದೆ, ಕಾಲು ಒಂದಿಷ್ಟು ಕುಸಿದರೂ ರ‍್ಯಾಕಿನ ತುದಿ ವಾಲುತ್ತದೆ. ಹಾಗಾಗಿ ಕಾಂಕ್ರೀಟಿನ ದಪ್ಪ, ಒಂದು ಬಿಂದುವಿನ ಮೇಲೆ ಎಷ್ಟು ಭಾರ ಬಿಡಬಹುದು ಎಂಬುದನ್ನು ಎಂಜಿನಿಯರಿಂದ ಬರಹದಲ್ಲೇ ಪಡೆಯಬೇಕು. ಮಹಡಿಯ ಮೇಲಿನ ಗೋದಾಮಿಗಂತೂ ಇದನ್ನು ಬಿಡುವಂತಿಲ್ಲ. ಕಚೇರಿಗೆಂದು ಕಟ್ಟಿದ ಮಹಡಿ ಸಾಮಾನ್ಯವಾಗಿ ಚದರ ಮೀಟರಿಗೆ 250ರಿಂದ 400 ಕೆ.ಜಿ.ಗೆ ಲೆಕ್ಕ ಹಾಕಿದ್ದು. ಒತ್ತಾಗಿ ಪೇರಿಸಿದ ಪ್ರಿಂಟಿಂಗ್ ಕಾಗದದ ರೀಮುಗಳು ಒಂದೇ ಮೀಟರ್ ಎತ್ತರಕ್ಕೆ 700 ಕೆ.ಜಿ. ದಾಟುತ್ತವೆ.

ಬಾಗಿಲು, ಅಂಗಳದ ಮಾತು ಚಿಕ್ಕದು. ಲಾರಿಯ ಹಲಗೆ ನೆಲದಿಂದ ಸುಮಾರು 4 ಅಡಿ ಮೇಲಿರುತ್ತದೆ, ಸರಕು ಇಳಿಸುವ ಕಟ್ಟೆ (ಡಾಕ್) ಆ ಮಟ್ಟಕ್ಕಿಲ್ಲದಿದ್ದರೆ ಪ್ರತಿ ಲೋಡಿಗೂ ಕೈಯಲ್ಲೇ ಇಳಿಸಬೇಕು, ಇಲ್ಲವೇ ರ‍್ಯಾಂಪ್ ಜೋಡಿಸಬೇಕು. 40 ಅಡಿ ಕಂಟೇನರು ಹೊತ್ತ ಟ್ರೇಲರು ಮುಂಭಾಗ ಸೇರಿ 50 ಅಡಿ ದಾಟುತ್ತದೆ; ಅದು ಹಿಮ್ಮುಖವಾಗಿ ಡಾಕಿಗೆ ನೇರ ನಿಲ್ಲಬೇಕಾದರೆ ಎದುರಿಗೆ ಕನಿಷ್ಠ 115 ಅಡಿ ಬಯಲು ಬೇಕು.

ಸರಕು ಹಾಳಾಗುವುದು ಸೋರಿಕೆಗಿಂತ ಹೆಚ್ಚಾಗಿ ತೇವದಿಂದ. 30 ಡಿಗ್ರಿ ಸೆಲ್ಸಿಯಸ್, ಶೇ 70 ಆರ್ದ್ರತೆಯ ಗಾಳಿ 24 ಡಿಗ್ರಿಯ ಮೇಲ್ಮೈ ಮುಟ್ಟಿದರೆ ಸಾಕು, ನೀರಾಗುತ್ತದೆ. ರಾತ್ರಿ ತಣ್ಣಗಾದ ತಗಡಿನ ಚಾವಣಿ ಬೆಳಗಿನ ಜಾವ ಬೆವತು ಹನಿಸುವುದು ಇದೇ ಕಾರಣಕ್ಕೆ. ಮಳೆಯೇ ಇಲ್ಲದಾಗ ಒದ್ದೆಯಾದ ಪೆಟ್ಟಿಗೆ ಕಂಡು ‘ಎಲ್ಲೋ ತೂತಿದೆ’ ಎಂದು ಹುಡುಕಿದರೆ ತೂತು ಸಿಗುವುದಿಲ್ಲ; ಚಾವಣಿಗೆ ಇನ್ಸುಲೇಷನ್ ಮತ್ತು ಗಾಳಿಕಿಂಡಿ ಬೇಕು. ಶೇ 90 ಆರ್ದ್ರತೆಯಲ್ಲಿ ರಟ್ಟಿನ ಪೆಟ್ಟಿಗೆ ತನ್ನ ಬಲದಲ್ಲಿ ಸುಮಾರು ಅರ್ಧ ಕಳೆದುಕೊಳ್ಳುತ್ತದೆ. ಪೆಟ್ಟಿಗೆಯ ಬಲವೆಲ್ಲ ಮೂಲೆಗಳಲ್ಲಿ. ಆದ್ದರಿಂದ ಮೂಲೆಯ ಮೇಲೆ ಮೂಲೆ ಬರುವಂತೆ ಪೇರಿಸಬೇಕು. ಇಟ್ಟಿಗೆ ಗೋಡೆಯಂತೆ ಅಡ್ಡಡ್ಡ ಹೆಣೆದರೆ ಅಟ್ಟಿ ಗಟ್ಟಿಯಾಗಿ ಕಂಡರೂ ಕೆಳಗಿನ ಪೆಟ್ಟಿಗೆ ಬೇಗ ಕುಸಿಯುತ್ತದೆ. ಗೋಡೆಗೆ ಒತ್ತಿಸಿ ಇಡಬಾರದು, ಒಬ್ಬ ಮನುಷ್ಯ ಟಾರ್ಚು ಹಿಡಿದು ನಡೆಯುವಷ್ಟು, ಅಂದರೆ ಎರಡು ಅಡಿ ಸಂದಿ ಇರಲಿ. ಗೆದ್ದಲು, ಇಲಿ, ಬೂಷ್ಟು ಮೊದಲು ಕಾಣುವುದು ಆ ಸಂದಿಯಲ್ಲೇ.

ಇನ್ನು ಜಾಗದ ಬಗೆಗಳು. ಬಂದದ್ದು ದಿನದೊಳಗೆ ಹೊರಡುವ ಸರಕಿಗೆ ಎತ್ತರದ ಶೆಡ್ಡು ದಂಡ. ಎರಡೂ ಬದಿಗೆ ಸಾಲುಬಾಗಿಲಿರುವ ಉದ್ದನೆಯ, ಕಡಿಮೆ ಅಗಲದ ಕಟ್ಟಡ ಬೇಕು. ಆಮದು ಸರಕಿಗೆ ಬಾಂಡೆಡ್ ಗೋದಾಮು ಅನುಕೂಲ, ಸರಕು ಹೊರಬೀಳುವಾಗ ಸುಂಕ ಕಟ್ಟಿದರಾಯಿತು. ರಾಸಾಯನಿಕಕ್ಕೆ ಬೇರೆಯದೇ ಕೋಣೆ ಇರಬೇಕು: ಆಮ್ಲದ ಪಕ್ಕ ಕ್ಷಾರ, ಉರಿಯುವ ದ್ರವದ ಪಕ್ಕ ಆಕ್ಸಿಡೈಸರ್ (ಬೆಂಕಿಗೆ ಆಮ್ಲಜನಕ ಒದಗಿಸುವ ವಸ್ತು) ಸಲ್ಲದು. ಸೋರಿದರೆ ಹಿಡಿದಿಡುವ ಕಟ್ಟೆಯ ಒಳಗೆ ಅಲ್ಲಿನ ಅತಿ ದೊಡ್ಡ ಡಬ್ಬಿಯ ಶೇ 110ರಷ್ಟು ದ್ರವ ನಿಲ್ಲಬೇಕು.

ಶೀತಲಗೃಹದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಅದು ತಣ್ಣಗಿರುವುದನ್ನು ತಣ್ಣಗೇ ಕಾಯುವ ಜಾಗ, ಬಿಸಿ ಸರಕನ್ನು ತಣಿಸುವ ಯಂತ್ರವಲ್ಲ. ಬಿಸಿ ಲೋಡನ್ನು ನೇರ ಒಳಗೆ ತಂದರೆ ಅದರ ಆವಿ ಕೂಲರಿನ ಸುರುಳಿಗಳ ಮೇಲೆ ಹಿಮವಾಗಿ ಕಟ್ಟಿಕೊಂಡು ಗಾಳಿಯ ಹರಿವು ನಿಲ್ಲುತ್ತದೆ, ಪಕ್ಕದವರ ಸರಕೂ ಬೆಚ್ಚಗಾಗುತ್ತದೆ. ಮುಂಚೆಯೇ ತಣಿಸುವ ಕೋಣೆ ಪ್ರತ್ಯೇಕವಾಗಿ ಇದೆಯೇ ಎಂದು ಕೇಳಿ. 2ರಿಂದ 8 ಡಿಗ್ರಿಯಲ್ಲಿಡುವ ಔಷಧವಾದರೆ ಬಾಗಿಲ ಬಳಿ, ಮೇಲಿನ ಅಂತಸ್ತಿನಲ್ಲಿ, ಫ್ಯಾನಿನ ನೇರ ಎದುರಿಗೆ ದಾಖಲಾದ ತಾಪಮಾನದ ಪಟ್ಟಿ ಕೇಳಬೇಕು. ಗೋಡೆಯ ಮೇಲಿನ ಒಂದು ಥರ್ಮಾಮೀಟರು ಆ ಮೂಲೆಗಳ ಕಥೆ ಹೇಳುವುದಿಲ್ಲ. ಮೈನಸ್ 18 ಡಿಗ್ರಿಯ ಕೋಣೆಯಲ್ಲಿ ನೆಲದಡಿ ಬಿಸಿ ಮಾಡುವ ಏರ್ಪಾಡು ಇರಬೇಕು, ಇಲ್ಲವಾದರೆ ಕೆಳಗಿನ ಮಣ್ಣಿನ ನೀರು ಹೆಪ್ಪುಗಟ್ಟಿ ನೆಲವನ್ನೇ ಎತ್ತುತ್ತದೆ.

ಇಡೀ ಗೋದಾಮು ಹಿಡಿಯಬೇಕೋ, ಪ್ಯಾಲೆಟ್ ಲೆಕ್ಕದಲ್ಲಿ ಕೊಡುವ ಸಾರ್ವಜನಿಕ ಗೋದಾಮಿಗೆ ಹೋಗಬೇಕೋ? ಹನ್ನೆರಡು ತಿಂಗಳ ದಾಸ್ತಾನನ್ನು ಒಂದು ಹಾಳೆಯಲ್ಲಿ ಬರೆಯಿರಿ. ವರ್ಷವಿಡೀ ಇಳಿಯದ ಪ್ರಮಾಣಕ್ಕೆ ಸ್ವಂತ ಬಾಡಿಗೆ ಜಾಗ, ಎರಡು ಮೂರು ತಿಂಗಳ ಉಬ್ಬರಕ್ಕೆ ಹಂಚಿಕೆಯ ಜಾಗ ಎಂಬುದು ನನ್ನ ಮತ. ಹಂಚಿಕೆಯಲ್ಲಿ ಒಳಗೆ ಹಾಕುವ, ಹೊರಗೆ ತೆಗೆಯುವ ಕೂಲಿ ಬೇರೆ ಬೇರೆ; ತಿಂಗಳನ್ನು ಸರಕು ಬಂದ ದಿನದಿಂದ ಎಣಿಸುತ್ತಾರೋ, ಒಂದನೇ ತಾರೀಕಿನಿಂದಲೋ ಎಂಬುದನ್ನು ಮೊದಲೇ ಕೇಳಿ. 28ಕ್ಕೆ ಬಂದು 2ಕ್ಕೆ ಹೊರಟ ಲೋಡಿಗೆ ಎರಡು ತಿಂಗಳ ಬಿಲ್ಲು ಬರುವುದು ಎರಡನೇ ಪದ್ಧತಿಯಲ್ಲಿ. ಮಾಲೀಕರ ಕಟ್ಟಡದ ವಿಮೆ ನಿಮ್ಮ ಸರಕಿಗೆ ಅನ್ವಯಿಸದು, ಅದನ್ನು ನೀವೇ ಮಾಡಿಸಬೇಕು.

ಮುಂಗಡ ಕೊಡುವ ಮೊದಲು ಎರಡು ಪರೀಕ್ಷೆ. ಮಧ್ಯಾಹ್ನದ ಹೊತ್ತು ಒಳಗೆ ನಿಂತು ಷಟರು ಎಳೆದು, ದೀಪ ಆರಿಸಿ ಮೇಲೆ ನೋಡಿ: ಚಾವಣಿಯ ತೂತುಗಳು ನಕ್ಷತ್ರದಂತೆ ಕಾಣುತ್ತವೆ. ಎರಡು ಶೆಡ್ಡು ಕೂಡುವ ಕಡೆ ಮಳೆನೀರು ಹರಿಯುವ ದೋಣಿಯ ಕೆಳಗೆ ತುಕ್ಕಿನ ಗೆರೆ ಇದೆಯೇ ಎಂದೂ ನೋಡಿ. ಆಮೇಲೆ ನೆಲದ ಮೂರ್ನಾಲ್ಕು ಕಡೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಅಂಟಿಸಿ. 16 ಗಂಟೆ ಬಿಟ್ಟು ಎತ್ತಿದಾಗ ಅಡಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟು ಕಪ್ಪಾಗಿದ್ದರೆ ನೆಲದಿಂದ ತೇವ ಮೇಲೇರುತ್ತಿದೆ ಎಂದು ಅರ್ಥ.

—ಗೋದಾಮು ನಿರ್ವಹಣೆಯ ವೃತ್ತಿಯಲ್ಲಿರುವ ಓದುಗ