ಕಾರು ಚಿಕ್ಕದು, ಕೆಲಸ ಇದೆ

ಈಲಿಂಗ್, ಲಂಡನ್
8 ನವೆಂಬರ್ 2008, ಶನಿವಾರ

ತೀರ್ಥರೂಪು ಅಪ್ಪನಿಗೂ ಅಮ್ಮನಿಗೂ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಪತ್ರ ಬರೆಯುವುದು. ಅಜ್ಜಿಯ ಮಂಡಿ ನೋವು ಹೇಗಿದೆ? ಅಪ್ಪ ಕೊನೆಯಲ್ಲಿ ಕೊಬ್ಬರಿ ರೇಟಿನ ಬಗ್ಗೆ ಬರೆದ ಎರಡು ಸಾಲು ಓದಿದೆ. ಕುಂಬ್ಳೆ ರಿಟೈರ್ ಆದ ದಿನ ನಾನೂ ಬೆಳಗ್ಗೆ ಬೇಗ ಎದ್ದು ನೋಡಿದೆ ಅಂತ ಅಪ್ಪನಿಗೆ ಹೇಳು.

ಅಮ್ಮಾ, ನಿನ್ನ ನಾಲ್ಕು ಪುಟದ ಪತ್ರ ಸೋಮವಾರ ಬಂತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಎತ್ತಿದ ತಕ್ಷಣ ‘ದುಡ್ಡು ಓಡುತ್ತೆ, ಇಡಪ್ಪ’ ಅಂತೀಯ. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದು. ಅರ್ಧ ಓದಿ ಎದ್ದು ಹೋಗಿ ಸರೋಜತ್ತೆಗೆ ಫೋನ್ ಮಾಡಬೇಡ.

ಮೊದಲನೇದು, ನನ್ನ ಕೆಲಸ ಹೋಗಿಲ್ಲ. ಎರಡನೇದೂ ಅದೇ. ಹೋಗಿಲ್ಲ.

ದೀಪಾವಳಿಗೆ ಮುಂಚೆ ನಾನು ಕಳಿಸಿದ ಫೋಟೋ ಸರೋಜತ್ತೆ ಕೈಗೆ ಹೋಗಿ, ಅಲ್ಲಿಂದ ಹಾಸನಕ್ಕೆ, ನೀವು ನನಗೆ ನೋಡುತ್ತಿರುವ ಹುಡುಗಿಯ ಮನೆಗೆ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಾರಿಗೆ ಒರಗಿಕೊಂಡು ನಿಲ್ಲುತ್ತಿರಲಿಲ್ಲ. ಹುಡುಗಿಯ ಸೋದರಮಾವ ಕನ್ನಡಕ ಹಾಕಿಕೊಂಡು ನೋಡಿ, ‘ಇದು ಆ ಒಂದು ಲಕ್ಷದ ಕಾರಲ್ವಾ? ಲಂಡನ್‌ನಲ್ಲಿರೋ ಹುಡುಗ ಇದರಲ್ಲಿ ಓಡಾಡ್ತಾನಾ?’ ಅಂದರಂತೆ. ಅಮೆರಿಕದ ಬ್ಯಾಂಕುಗಳು ಮುಳುಗಿದ ಸುದ್ದಿ ಟಿವಿಯಲ್ಲಿ ದಿನಾ ಬರುತ್ತಿದೆ. ಅವರು ಅದಕ್ಕೆ ಇದನ್ನು ಕೂಡಿಸಿದರು. ಲೆಕ್ಕ ಸಿಕ್ಕಿತು. ಹುಡುಗನ ಕೆಲಸ ಹೋಗಿದೆ, ದೊಡ್ಡ ಕಾರು ಮಾರಿ ಚಿಕ್ಕದು ತಗೊಂಡಿದ್ದಾನೆ, ಮನೆಯವರು ಮುಚ್ಚಿಡುತ್ತಿದ್ದಾರೆ.

ದೊಡ್ಡ ಕಾರು ನನ್ನ ಹತ್ತಿರ ಯಾವತ್ತೂ ಇರಲಿಲ್ಲ ಅಮ್ಮಾ. ಮಾರುವುದು ಎಲ್ಲಿಂದ?

ಮತ್ತೆ, ಅದು ನ್ಯಾನೋ ಅಲ್ಲ. ನ್ಯಾನೋವನ್ನು ಜನವರಿಯಲ್ಲಿ ದೆಹಲಿಯಲ್ಲಿ ತೋರಿಸಿದ್ದಾರೆ ಅಷ್ಟೆ. ಇನ್ನೂ ಯಾರ ಮನೆಗೂ ಬಂದಿಲ್ಲ. ನನ್ನದು ರೇವಾ, ಬ್ಯಾಟರಿಯಲ್ಲಿ ಓಡುವ ಕರೆಂಟಿನ ಕಾರು. ನಮ್ಮ ಬೊಮ್ಮಸಂದ್ರದಲ್ಲಿ ಮಾಡಿದ್ದು. ಇಲ್ಲಿ ಅದಕ್ಕೆ ಜೀ-ವಿಜ್ ಅಂತ ಹೆಸರಿಟ್ಟು 2004ರಿಂದ ಮಾರುತ್ತಿದ್ದಾರೆ. ನಾವು ಆಶ್ಚರ್ಯವಾದಾಗ ‘ಅಬ್ಬಬ್ಬಾ’ ಅಂತೀವಲ್ಲ, ಇಂಗ್ಲಿಷಿನಲ್ಲಿ ಆ ಥರದ ಮಾತು ಅದು. ರೇವಾ ಅನ್ನುವುದು ಕಾರು ಮಾಡಿದ ಚೇತನ್ ಮೈನಿ ಅವರ ತಾಯಿಯ ಹೆಸರು. ಇದನ್ನು ನಿನಗೆ ಇಷ್ಟವಾಗಲಿ ಅಂತಲೇ ಹೇಳುತ್ತಿದ್ದೇನೆ.

ಅಪ್ಪನಿಗೆ ಜ್ಞಾಪಿಸು. ರೇವಾ ಹೊಸದಾಗಿ ಬಂದಾಗ, 2001ರ ಸುಮಾರಿಗೆ, ಸಂಪಿಗೆ ರಸ್ತೆಯಲ್ಲಿ ಒಂದನ್ನು ನೋಡಿ ‘ಯಾರೋ ಫ್ರಿಜ್‌ಗೆ ಚಕ್ರ ಹಾಕಿದ್ದಾರೆ’ ಅಂದವರು ಅವರೇ. ಆಮೇಲೆ ದಾರಿಯುದ್ದಕ್ಕೂ ನಕ್ಕಿದ್ದರು. ಹಾಗಾಗಿ ಹಾಸನದ ಮಾವನ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲಿಯ ಬಿಳಿಯರೂ ಅದನ್ನೇ ಅನ್ನುತ್ತಾರೆ.

ಇಲ್ಲಿ ಜನ ಹೇಗೆ ನಗುತ್ತಾರೆ ಅಂತ ಕೇಳು. ಬಸ್ ಸ್ಟಾಪಿನಲ್ಲಿ ಸ್ಕೂಲ್ ಮಕ್ಕಳು ಕೈ ತೋರಿಸಿ ಕುಣಿಯುತ್ತಾರೆ. ಸಿಗ್ನಲ್‌ನಲ್ಲಿ ವ್ಯಾನ್ ಡ್ರೈವರ್ ಗಾಜು ಇಳಿಸಿ ‘ರಿಮೋಟ್ ಯಾರ ಹತ್ತಿರ ಇದೆ?’ ಅಂತಾನೆ. ಒಂದು ಶುಕ್ರವಾರ ರಾತ್ರಿ ನಾಲ್ಕು ಜನ ಕುಡಿದ ಹುಡುಗರು ಕಾರನ್ನು ಎತ್ತಿ ಫುಟ್‌ಪಾತಿನ ಮೇಲೆ ಅಡ್ಡ ಇಟ್ಟು ಹೋಗಿದ್ದರು. ಒಂದು ಗೀರೂ ಬಿದ್ದಿರಲಿಲ್ಲ. ಜೋಪಾನವಾಗಿ ಇಟ್ಟಿದ್ದರು, ಅದನ್ನು ಮೆಚ್ಚಬೇಕು. ಟಿವಿಯಲ್ಲಿ ಕಾರುಗಳ ಬಗ್ಗೆ ಮಾತಾಡುವ ಜೆರೆಮಿ ಕ್ಲಾರ್ಕ್‌ಸನ್ ಅಂತ ಒಬ್ಬ ಇದ್ದಾನೆ. ಅವನಿಗಂತೂ ಈ ಕಾರನ್ನು ಆಡಿಕೊಳ್ಳುವುದೇ ಒಂದು ಖುಷಿ. ಅವನು ಅಂದದ್ದನ್ನು ನಮ್ಮ ಆಫೀಸಿನವರು ಮಾರನೇ ದಿನ ನನಗೆ ಒಪ್ಪಿಸುತ್ತಾರೆ.

ನೋಡಲು ವಿಚಿತ್ರ, ನಾನು ಇಲ್ಲ ಅನ್ನುವುದಿಲ್ಲ. ನಮ್ಮ ಶಾಮಣ್ಣನ ಮಾರುತಿ 800 ಇದೆಯಲ್ಲ, ಅದಕ್ಕಿಂತ ಎರಡಡಿ ಗಿಡ್ಡ. ಅಗಲ ಕಮ್ಮಿ, ಎತ್ತರ ಜಾಸ್ತಿ. ಮುಂದಿನ ಸೀಟುಗಳ ಕೆಳಗೆ ಎಂಟು ಬ್ಯಾಟರಿ ಇವೆ. ಅದರ ಮೇಲೆ ಕೂತರೆ ದೇವಸ್ಥಾನದ ಜಗಲಿ ಮೇಲೆ ಕೂತ ಹಾಗಿರುತ್ತದೆ. ಎರಡೇ ಬಾಗಿಲು. ಹಿಂದಿನ ಸೀಟಿನಲ್ಲಿ ಮಕ್ಕಳು ಮಾತ್ರ ಕೂರಬಹುದು. ಮೈಯೆಲ್ಲ ಪ್ಲಾಸ್ಟಿಕ್ಕು. ನನ್ನದು ಗಿಳಿ ಹಸಿರು ಬಣ್ಣ. ಅದೇ ಕಮ್ಮಿಗೆ ಸಿಕ್ಕಿತು. ಆಫೀಸಿನಲ್ಲಿ ಆರೂವರೆ ಅಡಿಯ ಒಬ್ಬ ಇದ್ದಾನೆ. ಒಂದು ಸಲ ಡ್ರಾಪ್ ಕೇಳಿದ. ಮಂಡಿ ಎದೆಗೆ ಬಂತು, ಸ್ಟೇಷನ್ ಬರುವವರೆಗೂ ಮಾತೇ ಆಡಲಿಲ್ಲ.

ಆದರೆ ಲೆಕ್ಕ ಕೇಳಮ್ಮಾ. ಊರಿನ ಮಧ್ಯಕ್ಕೆ ಕಾರು ತಗೊಂಡು ಹೋದರೆ ಇಲ್ಲಿ ಸುಂಕ ಕಟ್ಟಬೇಕು. ಹಿಂದೆ ದಿನಕ್ಕೆ 5 ಪೌಂಡ್ ಇತ್ತು, ಈಗ 8. ಅಂದರೆ ನಮ್ಮ 600 ರೂಪಾಯಿ. ವಾರಕ್ಕೆ ಐದು ದಿನ ಅಂದರೆ 3000. ಕರೆಂಟಿನ ಕಾರಿಗೆ ಅದು ಮಾಫಿ. ವರ್ಷಕ್ಕೆ 10 ಪೌಂಡ್ ಕೊಟ್ಟು ಹೆಸರು ಬರೆಸಿದರೆ ಮುಗಿಯಿತು. ರೋಡ್ ಟ್ಯಾಕ್ಸ್ ಇಲ್ಲ. ಕೋವೆಂಟ್ ಗಾರ್ಡನ್ ಅಂತ ಒಂದು ಕಡೆ ರಸ್ತೆ ಬದಿಯಲ್ಲೇ ಕಂಬ ನೆಟ್ಟಿದ್ದಾರೆ, ಕಾರು ನಿಲ್ಲಿಸಿ ಚಾರ್ಜ್ ಮಾಡಬಹುದು. ಪಕ್ಕದಲ್ಲಿ ದೊಡ್ಡ ಬೆಂಜ್ ಕಾರಿನವನು ಜಾಗಕ್ಕಾಗಿ ಸುತ್ತು ಹೊಡೆಯುತ್ತಿರುತ್ತಾನೆ. ಆಗ ಯಾರು ನಗುತ್ತಾರೆ? ಈ ಲೆಕ್ಕವನ್ನು ಸರೋಜತ್ತೆಗೆ ಹೇಳು, ಹಾಸನದವರಿಗೂ ಹೇಳಲಿ. ಕಂಜೂಸ್ ಅಂದುಕೊಂಡರೆ ಅಂದುಕೊಳ್ಳಲಿ, ನಿರುದ್ಯೋಗಿ ಅನ್ನುವುದಕ್ಕಿಂತ ವಾಸಿ.

ರಾತ್ರಿ ಅಡುಗೆಮನೆ ಕಿಟಕಿಯಿಂದ ವೈರ್ ಎಳೆದು ಚಾರ್ಜ್ ಹಾಕುತ್ತೇನೆ. ಮಾಮೂಲಿ ಪ್ಲಗ್ಗೇ, ನಮ್ಮ ಇಸ್ತ್ರಿಪೆಟ್ಟಿಗೆಯ ಹಾಗೆ. ಮನೆ ಯಜಮಾನಿ ಗುಜರಾತಿ ಆಂಟಿ ಮೊದಲು ಕರೆಂಟ್ ಬಿಲ್ ಅಂತ ಗಾಬರಿಯಾದರು. ತಿಂಗಳ ಬಿಲ್ ನೋಡಿದ ಮೇಲೆ ಸುಮ್ಮನಾದರು. ಈಗ ಮಾರ್ಕೆಟ್‌ಗೆ ಹೋಗುವಾಗ ನನ್ನ ಕಾರೇ ಬೇಕು. ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಅಪ್ಪ ನಮ್ಮ ಇನ್ವರ್ಟರ್‌ಗೆ ಹಾಕುತ್ತಾರಲ್ಲ, ಹಾಗೆ. ತಿಪಟೂರಿನ ಪವರ್ ಕಟ್ ನನ್ನನ್ನು ಲಂಡನ್‌ನಲ್ಲಿ ಮೆಕ್ಯಾನಿಕ್ ಮಾಡಿದೆ.

ಅದನ್ನು ಸರಿಯಾಗಿ ಹಾಕುವುದು ಹೇಗೆ ಅಂತ ತೋರಿಸಿದವನು ಪಕ್ಕದ ಮನೆಯ ತಾತ. ಎಪ್ಪತ್ತೆಂಟು ವರ್ಷ. ಈ ಕಾರನ್ನು ಎಲ್ಲರಿಗಿಂತ ಜಾಸ್ತಿ ಆಡಿಕೊಳ್ಳುವವನೂ ಅವನೇ. ದಿನಾ ಬೆಳಗ್ಗೆ ಗೇಟಿಗೆ ಒರಗಿ ‘ನನ್ನ ಹಾಲೆಲ್ಲಿ?’ ಅಂತ ಕೇಳುತ್ತಾನೆ. ನನಗೆ ಅರ್ಥವೇ ಆಗಿರಲಿಲ್ಲ. ಆಮೇಲೆ ಗೊತ್ತಾಯಿತು, ಈ ದೇಶದಲ್ಲಿ ಮನೆ ಮನೆಗೆ ಹಾಲಿನ ಬಾಟಲಿ ಹಾಕುವ ಗಾಡಿಗಳು ಬಹಳ ವರ್ಷಗಳಿಂದ ಬ್ಯಾಟರಿಯಲ್ಲೇ ಓಡುತ್ತಿವೆಯಂತೆ. ನಸುಕಿನಲ್ಲಿ ಸದ್ದಾಗಬಾರದು, ಮನೆ ಮನೆಗೂ ನಿಲ್ಲಬೇಕು, ಜೋರಾಗಿ ಓಡುವ ಅಗತ್ಯವಿಲ್ಲ. ಅದಕ್ಕೆ ಬ್ಯಾಟರಿಯೇ ಸರಿ. ತಾತ ಇಪ್ಪತ್ತು ವರ್ಷ ಅಂಥ ಗಾಡಿ ಓಡಿಸಿದವನು! ‘ಹಾಗಾದರೆ ನನ್ನ ಕಾರಿಗೆ ಯಾಕೆ ನಗ್ತೀರ?’ ಅಂದೆ. ‘ನನ್ನ ಗಾಡಿ ಹಾಲಿನ ಗಾಡಿ ಥರಾನೇ ಇತ್ತು. ನಿನ್ನದು ಕಾರು ಅಂತ ಹೇಳ್ಕೊಳ್ಳುತ್ತೆ’ ಅಂದ.

ಇನ್ನೊಂದು ಕಥೆಯನ್ನೂ ಅವನೇ ಹೇಳಿದ. 1985ರ ಜನವರಿಯಲ್ಲಿ ಸರ್ ಕ್ಲೈವ್ ಸಿಂಕ್ಲೇರ್ ಅನ್ನುವವರು ಸಿ5 ಅಂತ ಒಂದು ಬ್ಯಾಟರಿ ಗಾಡಿ ತಂದರು. ಮೂರು ಚಕ್ರ, ಒಬ್ಬನೇ ಕೂರಬೇಕು, ತಲೆಯ ಮೇಲೆ ಏನೂ ಇಲ್ಲ. ಬೇಕಾದರೆ ಪೆಡಲ್ ಕೂಡ ತುಳಿಯಬಹುದು. ಬೆಲೆ 399 ಪೌಂಡ್. ಜನವರಿಯ ಚಳಿಯಲ್ಲಿ, ನೆಲಕ್ಕೆ ಅಂಟಿಕೊಂಡು, ಲಾರಿಗಳ ಚಕ್ರದ ಎತ್ತರದಲ್ಲಿ ಕೂತು ಹೋಗುವುದು ಅಂದರೆ ಯಾರಿಗೆ ಧೈರ್ಯ ಬರುತ್ತದೆ? ವಾಷಿಂಗ್ ಮೆಷಿನ್ ಮಾಡುವ ಫ್ಯಾಕ್ಟರಿಯಲ್ಲಿ ಅದನ್ನು ಜೋಡಿಸಿದರು. ಅದಕ್ಕೆ ಜನ ‘ಒಳಗಿರುವುದೂ ವಾಷಿಂಗ್ ಮೆಷಿನ್ ಮೋಟರೇ’ ಅಂತ ಹಬ್ಬಿಸಿದರು. ಅದು ಸುಳ್ಳು. ಆದರೆ ಸುಳ್ಳೇ ಉಳಿಯಿತು. ಆಗಸ್ಟ್ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಸಿ5 ಮಾಡುವುದನ್ನೇ ನಿಲ್ಲಿಸಿದರು. ಅಂದಿನಿಂದ ಈ ದೇಶದಲ್ಲಿ ಬ್ಯಾಟರಿ ಗಾಡಿ ಕಂಡರೆ ಮೊದಲು ನಗು, ಆಮೇಲೆ ಪ್ರಶ್ನೆ. ನನ್ನ ಪಾಲಿಗೆ ಬಂದಿರುವುದು ಆ ಹಳೆಯ ನಗು ಅಂತ ನನಗನ್ನಿಸುತ್ತದೆ. ಟೊಯೋಟಾ ಪ್ರಿಯಸ್‌ನಲ್ಲೂ ಬ್ಯಾಟರಿ ಇದೆ. ಅದನ್ನು ನೋಡಿ ಯಾರೂ ನಗುವುದಿಲ್ಲ. ಅದು ಕಾರಿನ ಹಾಗೆ ಕಾಣುತ್ತದಲ್ಲ.

ನಾನು ರಸ್ತೆ ಮಧ್ಯೆ ನಿಂತುಹೋದ ಕಥೆಯನ್ನು ಸುಮಾ ನಿನಗೆ ಹೇಳಿಬಿಟ್ಟಿದ್ದಾಳೆ. ಹೇಳಬೇಡ ಅಂದಿದ್ದೆ. ಕಾರಿನದೇನೂ ತಪ್ಪಿಲ್ಲ, ರಾತ್ರಿ ಪ್ಲಗ್ ಹಾಕಿ ಸ್ವಿಚ್ ಒತ್ತುವುದನ್ನು ಮರೆತಿದ್ದೆ. ಶೆಫರ್ಡ್ಸ್ ಬುಷ್ ಹತ್ತಿರ ನಿಂತಿತು. ಡಬಲ್ ಡೆಕರ್ ಬಸ್ಸಿನ ಮೇಲಿನವರೆಲ್ಲ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಇಬ್ಬರು ಹುಡುಗರು ‘ಸಾರಿ, ಸಾರಿ’ ಅಂತ ನಗುತ್ತಲೇ ಪಕ್ಕಕ್ಕೆ ತಳ್ಳಿಕೊಟ್ಟರು. ಹಗುರದ ಕಾರು, ಅದೂ ಒಂದು ಅನುಕೂಲ. ಎದುರಿನ ಹೂವಿನ ಅಂಗಡಿಯವಳು ವೈರ್ ಎಳೆದುಕೊಟ್ಟಳು. ಒಂದು ಗಂಟೆ ಅವಳ ಅಂಗಡಿಯಲ್ಲಿ ಕೂತು ಟೀ ಕುಡಿದೆ. ಇದು ಯಾವ ಕಾರು, ಎಲ್ಲಿಯದು ಅಂತ ಕೇಳಿದಳು. ಬೆಂಗಳೂರಿನದು ಅಂದೆ. ನೀನು ಅಂದಳು. ನಾನೂ ಆ ಕಡೆಯವನೇ ಅಂದೆ. ‘ಇಬ್ಬರೂ ಒಟ್ಟಿಗೇ ಬಂದಿರಾ?’ ಅಂದಳು.

ಆಫೀಸಿನಲ್ಲೂ ಒಬ್ಬ ಹೀಗೇ. ‘ನಮ್ಮ ಕೆಲಸ ಬೆಂಗಳೂರಿಗೆ ಹೋಯ್ತು, ಬದಲಿಗೆ ಈ ಕಾರು ಬಂತು’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹೋದ ವಾರ ಅವನನ್ನು ಮನೆಗೆ ಕಳಿಸಿದರು. ಇದನ್ನು ಓದಿ ಹೆದರಬೇಡ. ನಮ್ಮ ಮಹಡಿಯಲ್ಲಿ ಹನ್ನೊಂದು ಜನರನ್ನು ಕಳಿಸಿದ್ದು ನಿಜ. ಆದರೆ ಅವರೆಲ್ಲ ಬೇರೆ ಟೀಮ್. ನಮ್ಮ ಟೀಮಿಗೆ ಮಾರ್ಚ್‌ವರೆಗೆ ಕೈತುಂಬ ಕೆಲಸ ಇದೆ. ಮ್ಯಾನೇಜರ್ ಮೊನ್ನೆ ಕೂಡ ನನ್ನ ಜೊತೆ ಚೆನ್ನಾಗಿಯೇ ಮಾತಾಡಿದರು. ಮಾರ್ಚ್ ಆದಮೇಲೂ ಇರುತ್ತದೆ. ಕಾರು ತಗೊಂಡದ್ದು ಈ ವರ್ಷದ ಏಪ್ರಿಲ್‌ನಲ್ಲಿ, ಬ್ಯಾಂಕ್ ಮುಳುಗಿದ್ದು ಸೆಪ್ಟೆಂಬರ್‌ನಲ್ಲಿ. ರಸೀದಿ ಇದೆ, ಬೇಕಾದರೆ ಜೆರಾಕ್ಸ್ ಕಳಿಸುತ್ತೇನೆ.

ಅಪಘಾತದ ವಿಷಯ. ಬೆಂಗಳೂರಿನಿಂದ ಯಾರೋ ನಿನಗೆ ಹೆದರಿಸಿದ್ದಾರೆ. ಹೋದ ವರ್ಷ ಇಲ್ಲಿಯ ಒಂದು ಪತ್ರಿಕೆಯವರು ಈ ಕಾರನ್ನು ಗುದ್ದಿಸಿ ಪರೀಕ್ಷೆ ಮಾಡಿಸಿದ್ದರು, ಫಲಿತಾಂಶ ಚೆನ್ನಾಗಿ ಬರಲಿಲ್ಲ. ಇಲ್ಲಿಯ ಕಾನೂನು ಇದನ್ನು ಕಾರು ಅಂತಲೇ ಎಣಿಸುವುದಿಲ್ಲ, ನಾಲ್ಕು ಚಕ್ರದ ಹಗುರ ಗಾಡಿ ಅಂತ ಬೇರೆ ಪಟ್ಟಿಯಲ್ಲಿ ಇಟ್ಟಿದೆ. ಅದಕ್ಕೆ ಕಾರುಗಳ ಪರೀಕ್ಷೆ ಕಡ್ಡಾಯವಿಲ್ಲ. ಆಮೇಲೆ ಬಂದ ಹೊಸ ಮಾಡೆಲ್ ಅನ್ನು ಇನ್ನಷ್ಟು ಗಟ್ಟಿ ಮಾಡಿದ್ದಾರೆ. ನನ್ನದು ಹಳೆಯದು, ನಿನಗೆ ಸುಳ್ಳು ಹೇಳುವುದಿಲ್ಲ. ಆದರೆ ನಾನು ಹೈವೇಗೆ ಹೋಗುವುದೇ ಇಲ್ಲ. ಊರಿನ ಮಧ್ಯೆ ಇಲ್ಲಿ ಗಾಡಿಗಳು ಅಪ್ಪನ ಸೈಕಲ್ ವೇಗದಲ್ಲಿ ಹೋಗುತ್ತವೆ. ಬೆಲ್ಟ್ ಹಾಕುತ್ತೇನೆ. ಮಳೆ ಬಂದರೆ ಟ್ರೇನ್. ಮಂಜು ಬಿದ್ದರೆ ಟ್ರೇನ್. ಈಗ ನಾಲ್ಕೂವರೆಗೇ ಕತ್ತಲಾಗುತ್ತದೆ, ಹಾಗಾಗಿ ಹೆಚ್ಚು ಕಮ್ಮಿ ದಿನಾ ಟ್ರೇನೇ ಅಂದುಕೋ.

ಮದುವೆಯಾದರೆ ಬೇರೆ ಕಾರು ತಗೊಳ್ಳುತ್ತೇನೆ ಅಂತ ಹಾಸನದವರಿಗೆ ಹೇಳಬಹುದು. ಹೇಳದಿದ್ದರೂ ಆಗುತ್ತೆ. ಒಂದು ಮಾತು ಕೇಳಲಾ? ನಾಲ್ಕು ಪುಟದಲ್ಲಿ ಮಾವ ಏನಂದರು, ಅತ್ತೆ ಏನಂದರು, ಕಾಫಿ ಎಷ್ಟು ತೆಳ್ಳಗಿತ್ತು, ಎಲ್ಲ ಬರೆದಿದ್ದೀಯ. ಫೋಟೋ ನೋಡಿ ಆ ಹುಡುಗಿ ಏನಂದಳು ಅಂತ ಒಂದು ಸಾಲೂ ಇಲ್ಲ. ಅವಳೂ ನಕ್ಕಳಾ? ನಕ್ಕಿದ್ದರೆ ಪರವಾಗಿಲ್ಲ, ನಕ್ಕಳು ಅಂತಲೇ ಬರಿ. ಸುಮಾ ಕೈಲಿ ಕೇಳಿಸು, ಸರೋಜತ್ತೆ ಕೈಲಿ ಬೇಡ.

ಪೋಸ್ಟ್ ಆಫೀಸ್ ಹನ್ನೆರಡೂವರೆಗೆ ಮುಚ್ಚುತ್ತದೆ. ಆಂಟಿ ಬ್ಯಾಗ್ ಹಿಡಿದು ಕಾರಿನ ಪಕ್ಕ ನಿಂತಾಗಿದೆ. ಹದಿನೈದು ಸಾವಿರ ರೂಪಾಯಿ ಬ್ಯಾಂಕಿಗೆ ಹಾಕಿದ್ದೇನೆ, ಅಜ್ಜಿಯನ್ನು ತುಮಕೂರಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡಿ. ಊಟ ಸರಿಯಾಗಿ ಮಾಡುತ್ತಿದ್ದೇನೆ, ಸ್ವೆಟರ್ ಹಾಕುತ್ತಿದ್ದೇನೆ, ಕೆಲಸ ಇದೆ. ಎಲ್ಲರಿಗೂ ಕೇಳಿದೆನೆಂದು ಹೇಳಿ.

ನಿಮ್ಮ ಮಗ,
ರವಿ

ಮರೆತಿದ್ದೆ. ಇದರ ಜೊತೆ ಇನ್ನೊಂದು ಫೋಟೋ ಇಟ್ಟಿದ್ದೇನೆ. ಆಫೀಸಿನ ಮುಂದೆ ಕೋಟು ಹಾಕಿಕೊಂಡು ನಿಂತು ತೆಗೆಸಿದ್ದು. ಕಾರು ಇಲ್ಲ. ಹಾಸನಕ್ಕೆ ಇದನ್ನು ಕಳಿಸಿ.