ಆ ಕೋಟೆ ಬಸರೂರಿನದಲ್ಲ ಮಾರಾಯಾ

ಪ್ರೀತಿಯ ಗೆಳೆಯಾ,

ನಮ್ಮ ಗ್ರೂಪಿನಲ್ಲಿ ನೀನು ಹಾಕಿದ ಡಚ್ ಕೋಟೆಯ ಚಿತ್ರ ನೋಡಿದೆ. ಚಿತ್ರವೇನೋ ಚೆನ್ನಾಗಿದೆ. ಆದರೆ ಯಾರು ಬರೆದದ್ದು, ಯಾವ ಊರು ಅಂತ ಒಂದಕ್ಷರವೂ ಇಲ್ಲ. ಆಗಲೇ ಒಬ್ಬರು ‘ನಮ್ಮ ಬಸರೂರು’ ಅಂದರು, ಇನ್ನೊಬ್ಬರು ಕೊಚ್ಚಿ ಅಂದರು. ಎರಡೂ ಅಲ್ಲ. ಅದು ಬಟಾವಿಯಾ, ಅಂದರೆ ಈಗಿನ ಜಕಾರ್ತ. 1661ರ ಸುಮಾರಿಗೆ ಆಂಡ್ರಿಸ್ ಬೇಕ್‌ಮನ್ ಬರೆದ ತೈಲಚಿತ್ರ.

ಮೂಲ ಇರುವುದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ. 2012ರಲ್ಲಿ ಅವರು ತಮ್ಮ ವೆಬ್‌ಸೈಟಿನಲ್ಲಿ ರೈಕ್ಸ್‌ಸ್ಟುಡಿಯೋ ಅನ್ನೋ ಚಿತ್ರಸಂಗ್ರಹ ಶುರು ಮಾಡಿದರು. ಹಕ್ಕುಸ್ವಾಮ್ಯ ಮುಗಿದ ಚಿತ್ರಗಳನ್ನು ಅಲ್ಲಿಂದ ದೊಡ್ಡ ಸೈಜಿನಲ್ಲೇ ಇಳಿಸಿಕೊಳ್ಳಬಹುದು, ಪುಸ್ತಕದಲ್ಲೂ ಹಾಕಬಹುದು, ದುಡ್ಡು ಕೊಡಬೇಕಿಲ್ಲ. ನೀನು ಹಾಕಿದ್ದು ಹತ್ತು ಕೈ ದಾಟಿ ಮಸುಕಾದ ಪ್ರತಿ.

ಮೂಲವನ್ನು ದೊಡ್ಡದು ಮಾಡಿ ನೋಡು. ಕೋಟೆ ಹಿಂದೆ ಉಳಿಯುತ್ತದೆ, ಮುಂದೆ ಸಂತೆ. ಒಂದು ಕಡೆ ಜಾವಾದವರು ಬೆತ್ತದ ಚೆಂಡನ್ನು ಕಾಲಲ್ಲಿ ಒದ್ದು ಆಡುತ್ತಿದ್ದಾರೆ. ಒಬ್ಬ ಡಚ್ಚ ತನ್ನ ಏಷ್ಯಾದ ಹೆಂಡತಿ ಜೊತೆ ನಡೆದು ಹೋಗುತ್ತಿದ್ದಾನೆ, ಹಿಂದಿನಿಂದ ಆಳು ಕೊಡೆ ಹಿಡಿದಿದ್ದಾನೆ. ಜಗಳವಿಲ್ಲ, ಕೆಸರಿಲ್ಲ. ಇದನ್ನು ತೂಗುಹಾಕಿದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಜಮಾನರು ಸಭೆ ಸೇರುತ್ತಿದ್ದ ಕೋಣೆಯಲ್ಲಿ. ಅವರಿಗೆ ಬೇಕಾಗಿದ್ದ ಸಂತೆ ಇದೇ ಅಲ್ವಾ? ಈ ಮಾತು ಗೊತ್ತಿಲ್ಲದೆ ನೋಡಿದರೆ ಸುಮ್ನೆ ಚಂದದ ಚಿತ್ರ, ಅಷ್ಟೇ.

ಯಾನ್ ಬ್ರಾಂಡೆಸ್ ಅಂತ ಒಬ್ಬ ಪಾದ್ರಿ ಇದ್ದ. 1779ರಿಂದ 1785ರವರೆಗೆ ಬಟಾವಿಯಾದಲ್ಲಿದ್ದು, ಸಿಲೋನ್ (ಈಗಿನ ಶ್ರೀಲಂಕಾ), ದಕ್ಷಿಣ ಆಫ್ರಿಕಾದ ಕೇಪ್ ದಾರಿಯಾಗಿ ಹಡಗಿನಲ್ಲಿ ವಾಪಸಾದವನು. ಅವನ ಚಿತ್ರಗಳೂ ಅದೇ ಮ್ಯೂಸಿಯಂನಲ್ಲಿವೆ. ನನಗೆ ಬೇಕ್‌ಮನ್‌ಗಿಂತ ಇವನೇ ಜಾಸ್ತಿ ಇಷ್ಟ, ಮನೆಯೊಳಗಿನದನ್ನೂ ಬರೆದಿದ್ದಾನೆ. ಅವನ ಮಗ ಯಾಂಟ್ಯೆ ಜೊತೆ ಒಬ್ಬ ಹುಡುಗಿ ಕಾಣುತ್ತಾಳೆ. ಗುಲಾಮಳು, ಹೆಸರು ಫ್ಲೋರಾ. ಆ ಹೆಸರು ಚಿತ್ರದ ವಿವರದಲ್ಲಿದೆ. ಬರೀ ಫೋಟೋ ಫಾರ್ವರ್ಡ್ ಮಾಡಿದರೆ ಅವಳು ಯಾರೋ ಒಬ್ಬ ಹುಡುಗಿ ಆಗಿಬಿಡುತ್ತಾಳೆ.

ಇನ್ನು ನಿನ್ನ ಬಸರೂರಿನ ಲೇಖನ. 17ನೇ ಶತಮಾನದಲ್ಲಿ ಡಚ್ಚರಿಗೆ ಅಲ್ಲಿ ವ್ಯಾಪಾರದ ಕೊಠಿ ಇದ್ದದ್ದು ನಿಜ. ಕೆಳದಿ ನಾಯಕರ ಕಾಲ, ಅಕ್ಕಿ ಮತ್ತು ಮೆಣಸಿನ ವ್ಯಾಪಾರ. ನಕ್ಷೆ ಬೇಕಿದ್ದರೆ ಹೇಗ್ ನಗರದ ರಾಷ್ಟ್ರೀಯ ದಾಖಲಾಗಾರ ಮತ್ತು ‘ಅಟ್ಲಾಸ್ ಆಫ್ ಮ್ಯೂಚುಯಲ್ ಹೆರಿಟೇಜ್’ ಅನ್ನೋ ಹಳೆಯ ಡಚ್ ನಕ್ಷೆ, ಚಿತ್ರಗಳ ವೆಬ್‌ಸೈಟು, ಎರಡರಲ್ಲೂ ಹುಡುಕು. ಬಸರೂರು ಅಂತ ಹಾಕಿದರೆ ಸಿಗದಿರಬಹುದು, ಯುರೋಪಿನವರು ಕರೆಯುತ್ತಿದ್ದ ಹಾಗೆ ಬಾರ್ಸೆಲೋರ್ ಅಂತ ಹಾಕು. ಹೊನ್ನಾವರಕ್ಕೆ ಓನೋರ್.

ಸದ್ಯಕ್ಕೆ ಗ್ರೂಪಿನಲ್ಲಿ ಆ ಚಿತ್ರ ಅಳಿಸಿ, ಮೂಲದ್ದನ್ನು ಹಾಕು. ಕೆಳಗೆ ಚಿತ್ರಕಾರನ ಹೆಸರು, ಊರು, ಮ್ಯೂಸಿಯಂ ಕೊಟ್ಟ ಸಂಖ್ಯೆ ಎಸ್‌ಕೆ-ಎ-19, ಇಷ್ಟು ಬರೆದರೆ ಸಾಕು. ಕೊಚ್ಚಿ ಅಂದವರಿಗೆ ನೀನೇ ಸಮಾಧಾನ ಹೇಳು.

ನಿನ್ನವ